ಸಮ್ಮಿತಿ ಇದ್ದರೆ ಸಾಕೇ?

ಕೇಳುಗರಿಗೆ ನಮಸ್ಕಾರ. ಇವತ್ತು ಜ್ಯಾಮಿತಿಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪ್ರಶ್ನೆ.

ಉತ್ತರ ಧ್ರುವದಿಂದ ಸಮಭಾಜಕ ವೃತ್ತಕ್ಕೆ ನೆಲದ ಮೇಲೇ ಅಳೆದರೆ ಸುಮಾರು 10,000 ಕಿಲೋಮೀಟರ್. ಅಷ್ಟು ತ್ರಿಜ್ಯದ ವೃತ್ತವನ್ನು ಚಪ್ಪಟೆ ನೆಲದಲ್ಲಿ ಎಳೆದರೆ ಸುತ್ತಳತೆ 62,800 ಕಿಲೋಮೀಟರ್ ಬರಬೇಕು. ಭೂಮಿಯ ಮೇಲೆ ಬರುವುದು ಬರೀ 40,000. ಹೀಗೆ ಜಾಗ ಕಮ್ಮಿ ಬಿದ್ದರೆ ಅಲ್ಲಿ ವಕ್ರತೆ ಧನ. ಆಯಾಮ ಜಾಸ್ತಿ ಇದ್ದಾಗ, ಬಿಂದುವಿನ ಸುತ್ತಲಿನ ಪುಟ್ಟ ಗೋಳದ ಘನಫಲ ಎಷ್ಟು ಕಮ್ಮಿ ಬಿತ್ತು ಅಂತ ನೋಡುತ್ತೇವೆ. ಅದನ್ನು ತಿಳಿಸುವ ಸಂಖ್ಯೆಯೇ ಸ್ಕೇಲರ್ ವಕ್ರತೆ.

ಒಂದು ಆಕಾರವನ್ನು ಹರಿಯದೆ, ಅಂಟಿಸದೆ, ನಯವಾಗಿ ಹಿಗ್ಗಿಸಿ ಕುಗ್ಗಿಸಿ, ಎಲ್ಲೆಡೆ ಈ ಸಂಖ್ಯೆ ಧನವಾಗುವಂತೆ ಮಾಡಬಹುದೇ? ಆಕಾರಕ್ಕೆ ಸಮ್ಮಿತಿ ಇದ್ದರೆ, ಅಂದರೆ ತಿರುಗಿಸಿದರೂ ಹಾಗೇ ಇದ್ದರೆ, ಕೆಲಸ ಸುಲಭವಾಗುತ್ತದೆಯೇ?

ಆಗಲೇಬೇಕೆಂದಿಲ್ಲ. ಟೋರಸ್ ಅನ್ನುವ ಆಕಾರ ಕೋಡುಬಳೆಯ ಮೈಯಂತೆ. ನಡುವಿನ ಅಕ್ಷದ ಸುತ್ತ ಎಷ್ಟು ತಿರುಗಿಸಿದರೂ ಹಾಗೇ ಇರುತ್ತದೆ. ಆದರೆ ಹೊರಬದಿಯಲ್ಲಿ ವಕ್ರತೆ ಧನ, ತೂತಿನ ಬದಿಯಲ್ಲಿ ಋಣ. ಹೇಗೇ ಬಗ್ಗಿಸಿದರೂ ಒಟ್ಟು ಮೊತ್ತ ಸೊನ್ನೆ. ಹೆಚ್ಚಿನ ಆಯಾಮದ ಟೋರಸ್‌ಗಳಿಗೂ ಧನ ಸ್ಕೇಲರ್ ವಕ್ರತೆ ಬರುವುದಿಲ್ಲ. ಗಣಿತಜ್ಞರಾದ ಶೋನ್ ಮತ್ತು ಯೌ, ಗ್ರೊಮೋವ್ ಮತ್ತು ಲಾಸನ್ ಇದನ್ನು 1980ರ ಆಸುಪಾಸಿನಲ್ಲಿ ತೋರಿಸಿದರು.

ಬೇಕಾದದ್ದು ಬೇರೆ ಥರದ ಸಮ್ಮಿತಿ. ಕೈಯಲ್ಲಿ ಒಂದು ಪುಸ್ತಕ ಹಿಡಿಯಿರಿ. ನಿಮ್ಮ ಕಡೆಗೆ ಕಾಲು ಸುತ್ತು ಮಗುಚಿ, ಆಮೇಲೆ ಬಲಕ್ಕೆ ಕಾಲು ಸುತ್ತು ತಿರುಗಿಸಿ. ಈಗ ಮೊದಲಿನಿಂದ, ಕ್ರಮ ಅದಲುಬದಲು ಮಾಡಿ ನೋಡಿ. ಪುಸ್ತಕ ಬೇರೆಯೇ ರೀತಿ ನಿಲ್ಲುತ್ತದೆ, ಅಲ್ವಾ? ಅಂಚಿಲ್ಲದ, ಸೀಮಿತ ಗಾತ್ರದ ಆಕಾರಕ್ಕೆ ಇಂಥ, ಅಂದರೆ ಎಷ್ಟು ಬೇಕಾದರೂ ತಿರುಗಿಸಬಹುದಾದ, ಆದರೆ ಕ್ರಮ ಬದಲಿಸಿದರೆ ಫಲ ಬದಲಾಗುವ ಸಮ್ಮಿತಿ ಇದ್ದರೆ ಸಾಕು, ಧನ ಸ್ಕೇಲರ್ ವಕ್ರತೆ ಖಂಡಿತ ಸಾಧ್ಯ ಅಂತ 1974ರಲ್ಲಿ ಬ್ಲೇನ್ ಲಾಸನ್ ಮತ್ತು ಷಿಂಗ್-ತುಂಗ್ ಯೌ ಸಾಧಿಸಿದರು.

ಉಪಾಯ ಬಲು ಚೆಂದ. ಈ ತಿರುಗಾಟದಲ್ಲಿ ಒಂದು ಬಿಂದು ಓಡಾಡುವ ಜಾಗ ತಾನೇ ಬಾಗಿರುತ್ತದೆ. ಅದನ್ನು ಕುಗ್ಗಿಸಿ. ಅಳತೆ ಹತ್ತನೇ ಒಂದು ಪಾಲಾದರೆ ವಕ್ರತೆ ನೂರು ಪಟ್ಟು! ಉಳಿದ ದಿಕ್ಕುಗಳ ಋಣ ವಕ್ರತೆಯನ್ನೆಲ್ಲ ಅದು ನುಂಗಿಬಿಡುತ್ತದೆ. ಬರೀ ವೃತ್ತದಲ್ಲಿ ತಿರುಗುವ ಬಿಂದುವಿನಿಂದ ಈ ಲಾಭವಿಲ್ಲ, ಒಂದೇ ಆಯಾಮದ ಗೆರೆಗೆ ಸ್ವಂತ ಸ್ಕೇಲರ್ ವಕ್ರತೆ ಇರುವುದಿಲ್ಲ. ತಿರುಗಿಸಿದರೂ ಕದಲದ ಬಿಂದುಗಳ ಹತ್ತಿರ ಮಾತ್ರ ಬೇರೆ ಲೆಕ್ಕ ಬೇಕು.

ಅದೇ ವರ್ಷ ನೈಜೆಲ್ ಹಿಚಿನ್, 9 ಆಯಾಮದ ಕೆಲವು ವಿಲಕ್ಷಣ ಗೋಳಗಳಿಗೆ ಧನ ಸ್ಕೇಲರ್ ವಕ್ರತೆ ಸಾಧ್ಯವೇ ಇಲ್ಲ ಅಂತ ತೋರಿಸಿದರು. ವಿಲಕ್ಷಣ ಗೋಳ ಅಂದರೆ, ಹರಿಯದೆ ಅಂಟಿಸದೆ ಮಾಮೂಲಿ ಗೋಳವಾಗಿ ಬದಲಿಸಬಹುದಾದರೂ, ಎಲ್ಲೂ ಮೂಲೆ ಮಡಿಕೆ ಬೀಳದಂತೆ ನಯವಾಗಿ ಹಾಗೆ ಬದಲಿಸಲಾಗದ ಆಕಾರ. ಎರಡನ್ನೂ ಜೋಡಿಸಿ ನೋಡಿ. ಮಾಮೂಲಿ 9 ಆಯಾಮದ ಗೋಳವನ್ನು ತಿರುಗಿಸಲು 45 ಸ್ವತಂತ್ರ ದಾರಿಗಳಿವೆ. ಈ ವಿಲಕ್ಷಣ ಗೋಳಗಳಿಗಾದರೋ, ಕ್ರಮ ಬದಲಿಸಿದರೆ ಫಲ ಬದಲಾಗುವ ಅಂಥ ತಿರುಗಾಟ ಇರಲು ಸಾಧ್ಯವೇ ಇಲ್ಲ.