ಡಬ್ಬಿಯ ಬಣ್ಣ ಬಸಿಯುವ ಬಗೆ

ಎಲ್ಲರಿಗೂ ನಮಸ್ಕಾರ. ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ದಾಟಿಕೊಂಡು ಮಾಟುಂಗಾಕ್ಕೆ ಇಷ್ಟು ಜನ ಬಂದಿದ್ದೀರಿ. ಡೊಂಬಿವಲಿಯಿಂದ ಬರಲು ನನಗೆ ಒಂದೂವರೆ ಗಂಟೆ ಹಿಡಿಯಿತು. ತೊಡೆಯ ಮೇಲೆ ಈ ಪುಟಾಣಿ ಮಾಡೆಲ್ ಬಸ್ಸು ಇಟ್ಟುಕೊಂಡು ಕೂತಿದ್ದೆ. ಪಕ್ಕದವರು ಎರಡು ಸಲ ಕೇಳಿದರು, ಮೊಮ್ಮಗನಿಗಾ ಅಂತ. ಹೂಂ ಅಂದೆ. ಅಲ್ಲ ಅಂದರೆ ಥಾಣೆವರೆಗೆ ವಿವರಿಸಬೇಕಾಗುತ್ತಿತ್ತು.

ಮೇಜಿನ ಮೇಲಿರುವುದು ನಮ್ಮ ಕೆಂಪು ಡಬಲ್ ಡೆಕ್ಕರ್. ಮುಂಬೈಯಲ್ಲಿ ಇವು ಓಡಲು ಶುರುವಾದದ್ದು 1937ರಲ್ಲಿ. ಕೊನೆಯ ಡೀಸೆಲ್ ಡಬಲ್ ಡೆಕ್ಕರ್ ಅಂಧೇರಿಯಲ್ಲಿ ಓಡಿ ನಿಂತದ್ದು 2023ರ ಸೆಪ್ಟೆಂಬರ್ 15ಕ್ಕೆ. ಅದಾದ ಮೇಲೆ ನಾನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಇದನ್ನು ಕಟ್ಟಲು ಕೂತೆ. ಅಳತೆ 1:76, ಅಂದರೆ ನಿಜವಾದ ಬಸ್ಸಿನ ಎಪ್ಪತ್ತಾರನೇ ಒಂದು ಪಾಲು. ಬಸ್ಸು ಕಟ್ಟಿದ್ದು ನಾಲ್ಕು ತಿಂಗಳು. ಬಣ್ಣದ ಜೊತೆ ಗುದ್ದಾಡಿದ್ದು ಏಳು ತಿಂಗಳು. ಇವತ್ತಿನ ಮಾತು ಆ ಏಳು ತಿಂಗಳದ್ದು: ಸ್ಪ್ರೇ ಡಬ್ಬಿಯ ಬಣ್ಣವನ್ನು ಬಾಟಲಿಗೆ ಬಸಿಯಲು ಕಲಿತ ಕಥೆ.

ನನಗೆ ಇಷ್ಟವಾದ ಕೆಂಪು ಸಿಕ್ಕಿದ್ದು ಸ್ಪ್ರೇ ಡಬ್ಬಿಯಲ್ಲಿ. ತಮಿಯಾ ಕಂಪನಿಯ ಟಿಎಸ್ ಡಬ್ಬಿ, 100 ಮಿಲಿ. ಒಳ್ಳೆಯ ಬಣ್ಣ, ಎರಡು ಮಾತಿಲ್ಲ. ಆದರೆ ಡಬ್ಬಿಗೆ ಗೊತ್ತಿರುವುದು ಎರಡೇ: ಉಗಿಯುವುದು, ಸುಮ್ಮನಿರುವುದು. ಕಡಿಮೆ ಉಗಿ ಅಂದರೆ ಕೇಳುವುದಿಲ್ಲ. ಅಂಗೈಗಿಂತ ತುಸು ಉದ್ದದ ಬಸ್ಸಿಗೆ ಅದು ಹೆಚ್ಚಾಯಿತು. ಲೆಕ್ಕ ಹಾಕಿ ನೋಡಿ. ನನ್ನ ಬಸ್ಸಿನ ಮೇಲೆ 0.1 ಮಿಲಿಮೀಟರ್ ದಪ್ಪಕ್ಕೆ ಬಣ್ಣ ಕೂತರೆ, ನಿಜವಾದ ಬಸ್ಸಿನ ಮೇಲೆ 7.6 ಮಿಲಿಮೀಟರ್ ಗಿಲಾವು ಮಾಡಿದ ಹಾಗೆ! ಕಿಟಕಿಯ ಅಂಚು, ರಿವೆಟ್ ಸಾಲು ಎಲ್ಲ ಮುಚ್ಚಿಹೋಗುತ್ತದೆ.

ಅದಕ್ಕೇ ಏರ್‌ಬ್ರಷ್. ಗಾಳಿಯ ಒತ್ತಡದಲ್ಲಿ ಬಣ್ಣ ಊದುವ, ಪೆನ್ನಿನಂಥ ಸಾಧನ ಅದು. ಬೆರಳ ತುದಿಯಲ್ಲಿ ಬಣ್ಣ ಎಷ್ಟು ಬೇಕೋ ಅಷ್ಟೇ ಬಿಡಬಹುದು. ಆದರೆ ಏರ್‌ಬ್ರಷ್‌ಗೆ ಬೇಕಾದದ್ದು ಬಾಟಲಿಯಲ್ಲಿರುವ ಬಣ್ಣ. ನನ್ನದಿರುವುದು ಡಬ್ಬಿಯಲ್ಲಿ. ಹಾಗಾಗಿ ಡಬ್ಬಿಯಿಂದ ಬಾಟಲಿಗೆ ಬಸಿಯಬೇಕು. ಗಂಜಿ ಬಸಿಯುತ್ತೇವಲ್ಲ, ಆ ಬಸಿ. ಅನ್ನದಲ್ಲಿ ನೀರು ಹೋಗಿ ಅಗುಳು ಉಳಿಯಬೇಕು. ಇಲ್ಲಿ ಗ್ಯಾಸ್ ಹೋಗಿ ಬಣ್ಣ ಉಳಿಯಬೇಕು. ಪಾತ್ರೆ ಓರೆ ಮಾಡಿದರೆ ಸಾಕು ಅಂದುಕೊಂಡವರಿಗೆ ತೊಂದರೆ ಶುರುವಾಗುವುದು ಇಲ್ಲೇ.

ಡಬ್ಬಿಯ ಒಳಗೆ ಏನಿದೆ? ಅಲ್ಲಾಡಿಸಿದರೆ ಟಕಟಕ ಅನ್ನುವ ಗೋಲಿ. ಬಣ್ಣ. ಥಿನ್ನರ್. ಇವುಗಳ ಜೊತೆ ಒತ್ತಡಕ್ಕೆ ನೀರಾಗಿರುವ ಗ್ಯಾಸ್. ಸಾಮಾನ್ಯವಾಗಿ ಡೈಮೀಥೈಲ್ ಈಥರ್, ಇಲ್ಲವೇ ಅಡುಗೆ ಸಿಲಿಂಡರಿನ ಪ್ರೊಪೇನ್, ಬ್ಯೂಟೇನ್. ಡೈಮೀಥೈಲ್ ಈಥರ್ ಕುದಿಯುವುದು ಸೊನ್ನೆಗಿಂತ 24 ಡಿಗ್ರಿ ಕೆಳಗೆ. ನಮ್ಮ ಮನೆಯ ಹವೆ 30 ಡಿಗ್ರಿ. ಅಂದರೆ ಡಬ್ಬಿಯಿಂದ ಹೊರಬಿದ್ದ ಕ್ಷಣದಿಂದ ಅದು ಕುದಿಯುತ್ತಲೇ ಇರುತ್ತದೆ. ಕೈಗೆ ತಣ್ಣಗಿರುತ್ತದೆ, ಒಳಗೆ ಕುದಿಯುತ್ತಿರುತ್ತದೆ. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಸಣ್ಣ ಕಥೆ ಹೇಳಿ ಮುಂದೆ ಹೋಗುತ್ತೇನೆ. ಡಬ್ಬಿಯಲ್ಲಿ ಬಣ್ಣ ತುಂಬಿದ್ದು 1949ರಲ್ಲಿ, ಅಮೆರಿಕದ ಎಡ್ ಸೀಮೋರ್ ಅನ್ನುವವರು. ಅವರ ಹೆಂಡತಿ ಬಾನಿ ಕೊಟ್ಟ ಉಪಾಯ. ಹೆಸರು ಮಾತ್ರ ಗಂಡನದೇ ಮುಂದೆ ಬಂತು, ಎಂದಿನಂತೆ. ಆ ಕಾಲದ ಸ್ಪ್ರೇ ಡಬ್ಬಿಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಸಿಎಫ್‌ಸಿ ಗ್ಯಾಸಿಗೆ ಬೆಂಕಿ ಹತ್ತುತ್ತಿರಲಿಲ್ಲ. ಅದು ಓಜೋನ್ ಪದರ ತಿನ್ನುತ್ತದೆ ಅಂತ ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದವಾದ ಮೇಲೆ ಲೋಕವೆಲ್ಲ ಅದನ್ನು ಬಿಡುತ್ತಾ ಬಂತು. ಈಗಿರುವ ಗ್ಯಾಸ್ ಓಜೋನಿಗೆ ಒಳ್ಳೆಯದು, ಬೆಂಕಿಕಡ್ಡಿಗೆ ಕೆಟ್ಟದ್ದು.

ಈಗ ಕೆಲಸಕ್ಕೆ ಬರೋಣ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಒಂದು ಗಾಜಿನ ಬಾಟಲಿ ಬೇಕು. ಪಾರದರ್ಶಕ ಪ್ಲಾಸ್ಟಿಕ್ ಲೋಟ ಬೇಡವೇ ಬೇಡ. ಅದು ಪಾಲಿಸ್ಟೈರೀನ್ ಆಗಿದ್ದರೆ ಡಬ್ಬಿಯ ಈ ಲ್ಯಾಕರ್ ಬಣ್ಣ ಅದನ್ನು ಕರಗಿಸಿ ಮೇಜಿನ ಮೇಲೆ ಬರುತ್ತದೆ. ಸ್ಪ್ರೇ ತುದಿಗೆ ಒಂದು ಕೊಳವೆ ಹಿಡಿಸಬೇಕು. ಹೊರದೇಶದವರು ಸ್ಟ್ರಾ ಅನ್ನುತ್ತಾರೆ. ಮಹಾರಾಷ್ಟ್ರದಲ್ಲಿ 2018ರಲ್ಲೇ ಪ್ಲಾಸ್ಟಿಕ್ ಸ್ಟ್ರಾ ನಿಂತಿತು, 2022ರ ಜುಲೈ 1ರಿಂದ ದೇಶಕ್ಕೇ ಇಲ್ಲ. ಕಾಗದದ ಸ್ಟ್ರಾ ಬಣ್ಣ ಕುಡಿದು ಮೆತ್ತಗಾಗುತ್ತದೆ. ನಾನು ಖಾಲಿ ಬಾಲ್‌ಪೆನ್ ರೀಫಿಲ್ ಬಳಸುತ್ತೇನೆ. ಮುಳ್ಳು ಕತ್ತರಿಸಿ ಎಸೆಯಿರಿ, ಶಾಯಿಯನ್ನು ಥಿನ್ನರಿನಲ್ಲಿ ತೊಳೆಯಿರಿ, ತುದಿಗೆ ಸಿಕ್ಕಿಸಿ ಸುತ್ತ ಟೇಪು ಸುತ್ತಿ. ಶಾಯಿ ಪೂರ್ತಿ ಹೋಗಿರಲಿ. ನನ್ನ ಮೊದಲ ಬಾಟಲಿ ಕೆಂಪಲ್ಲ, ನೇರಳೆಹಣ್ಣಿನ ಬಣ್ಣವಾಗಿತ್ತು.

ಬಾಟಲಿಯ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಹೊದಿಸಿ. ಅದರೊಳಗಿಂದ ಕೊಳವೆ ಇಳಿಸಿ. ಕೊಳವೆಯ ತುದಿ ಗಾಜಿನ ಗೋಡೆಗೆ ತಾಗುವ ಹಾಗಿರಲಿ, ಬಣ್ಣದೊಳಗೆ ಮುಳುಗುವುದು ಬೇಡ. ಮುಳುಗಿದರೆ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ. ಎರಡು ಮೂರು ಸೆಕೆಂಡಿನಂತೆ ಬಿಟ್ಟು ಬಿಟ್ಟು ಒತ್ತಿ. ಬಾಟಲಿ ಮೂರನೇ ಒಂದು ಭಾಗ ತುಂಬಿದರೆ ನಿಲ್ಲಿಸಿ. 100 ಮಿಲಿ ಡಬ್ಬಿಯಿಂದ 100 ಮಿಲಿ ಬಣ್ಣ ಬರುವುದಿಲ್ಲ. ನೀವು ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಗ್ಯಾಸಿನದು.

ಆಮೇಲೆ ಕಾಯಬೇಕು. ಬಾಟಲಿಯಲ್ಲಿ ಬಣ್ಣ ಇದೆ, ನೋಡಲು ಶಾಂತವಾಗಿದೆ. ಕಡ್ಡಿ ಹಾಕಿ ಒಮ್ಮೆ ತಿರುವಿ, ಬುಸ್ ಅಂತ ನೊರೆ ಏಳುತ್ತದೆ. ಸೋಡಾಗೆ ಉಪ್ಪು ಹಾಕಿದ ಹಾಗೆ. ಈ ಗ್ಯಾಸ್ ಹೋಗದೆ ಏರ್‌ಬ್ರಷ್‌ಗೆ ಹಾಕಿದರೆ ಅದರ ಬಣ್ಣದ ಬಟ್ಟಲಿನಿಂದ ಉಕ್ಕುತ್ತದೆ, ಮಾಡೆಲ್ ಮೇಲೆ ಗುಳ್ಳೆ ಗುಳ್ಳೆ. ನಾನು ಒಂದು ರಾತ್ರಿ ಬಿಡುತ್ತೇನೆ, ಫಾಯಿಲ್‌ಗೆ ತೂತು ಮಾಡಿ. ಬೆಳಿಗ್ಗೆ ಮೆಲ್ಲಗೆ ತಿರುವಿ ನೋಡುತ್ತೇನೆ. ಒಂದು ಗುಳ್ಳೆ ಎದ್ದರೂ ಮತ್ತೆ ಅರ್ಧ ದಿನ.

ಈ ಬುದ್ಧಿ ಬಂದದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಮೊದಲ ಸಲ ಬಸಿದು ಅರ್ಧ ಗಂಟೆಯಾಗಿತ್ತು. ನನ್ನ ಹೆಂಡತಿ ಬಂದಳು. "ಏನ್ರೀ ಇದು, ಮನೆಯೆಲ್ಲ ಪೆಟ್ರೋಲ್ ಪಂಪಿನ ಹಾಗೆ ನಾರ್ತಿದೆ" ಅಂದಳು. ತಪ್ಪಿತಸ್ಥನ ಹಾಗೆ ಮುಚ್ಚಳ ಬಿಗಿದು ಕಪಾಟಿನ ಮೇಲಿಟ್ಟೆ. ರಾತ್ರಿ ಎರಡು ಗಂಟೆಗೆ ಟಪ್ ಅಂತ ಸದ್ದು. ಮುಚ್ಚಳ ಎಲ್ಲಿ ಹೋಯಿತೋ ಇನ್ನೂ ಸಿಕ್ಕಿಲ್ಲ. ಬಣ್ಣ ಮಾತ್ರ ಸಿಕ್ಕಿತು. ಫ್ಯಾನಿನ ರೆಕ್ಕೆಯಲ್ಲಿ, ಚಾವಣಿಯಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ. ಅಕ್ಟೋಬರ್ ತಿಂಗಳು ಪೂರ್ತಿ ಸರ್ಕಾರಿ ರಜೆ. ಬಾಟಲಿ ಒಡೆಯದೆ ಮುಚ್ಚಳ ಹಾರಿದ್ದು ನನ್ನ ಪುಣ್ಯ.

ನಾನು ಜಾಸ್ತಿ ಹೇಳಬೇಕೆಂದಿರುವುದು ಮುಂದಿನದು. ಈ ವಿದ್ಯೆ ನಮಗೆ ಬಂದದ್ದು ಚಳಿ ದೇಶದವರಿಂದ. ಅವರು ಹೇಳುವ ಮೊದಲ ಮಾತು, ಡಬ್ಬಿಯನ್ನು ಬಿಸಿನೀರಿನಲ್ಲಿಡಿ. ಅವರ ಗ್ಯಾರೇಜಿನಲ್ಲಿ ಹತ್ತು ಡಿಗ್ರಿ ಇರುತ್ತದೆ, ಇಡಲಿ. ಮೇ ತಿಂಗಳ ಡೊಂಬಿವಲಿಯಲ್ಲಿ ಡಬ್ಬಿಗೆ ಬಿಸಿನೀರಿನ ಸ್ನಾನ ಮಾಡಿಸಿದರೆ, ಒತ್ತಡ ಇನ್ನೂ ಏರಿ ಅರ್ಧ ಬಣ್ಣ ಮಂಜಾಗಿ ಫಾಯಿಲ್ ದಾಟಿ ಹೋಗುತ್ತದೆ. 50 ಡಿಗ್ರಿ ಮೀರಬಾರದು ಅಂತ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ನಾನು ಉಲ್ಟಾ ಮಾಡುತ್ತೇನೆ. ಮಣ್ಣಿನ ಮಡಕೆಯ ನೀರಿನಲ್ಲಿ ಡಬ್ಬಿಯನ್ನು ಹತ್ತು ನಿಮಿಷ ಕೂರಿಸಿ, ಒರೆಸಿ, ಆಮೇಲೆ ಬಸಿಯುತ್ತೇನೆ. ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ಬೆಂಕಿ ಹತ್ತುವ ಗ್ಯಾಸನ್ನು ದೋಸೆ ಹಿಟ್ಟಿನ ಪಕ್ಕ ಮುಚ್ಚಿಡಲು ನನಗೆ ಧೈರ್ಯವಿಲ್ಲ.

ಎರಡನೆಯದು ತೇವ. ಗ್ಯಾಸ್ ಕುದಿಯುವಾಗ ಬಾಟಲಿಯ ಬಿಸಿಯನ್ನೇ ಕದಿಯುತ್ತದೆ. ಬಾಟಲಿ ಮಂಜುಗಡ್ಡೆಯ ಹಾಗಾಗುತ್ತದೆ. ತಣ್ಣನೆ ಮಜ್ಜಿಗೆ ಲೋಟ ಬೆವರುತ್ತದಲ್ವಾ, ಹಾಗೆಯೇ ಬೆವರುತ್ತದೆ, ಹೊರಗೂ ಒಳಗೂ. ಜುಲೈ ತಿಂಗಳ ಮುಂಬೈ ಗಾಳಿಯಲ್ಲಿ ಆ ನೀರಿಗೇನು ಬರವೇ? ಅದು ಬಣ್ಣಕ್ಕೆ ಇಳಿಯುತ್ತದೆ. ನನ್ನ ಬಸ್ಸಿನ ಎಡಬದಿ ಒಣಗಿದ ಮೇಲೆ ವಿಭೂತಿ ಬಳಿದುಕೊಂಡ ಹಾಗೆ ಕಂಡಿತು. ಬಣ್ಣ ಕೆಟ್ಟದ್ದು ಅಂತ ಅಂಗಡಿಯವನಿಗೆ ಬೈದು ಬಂದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಪರಿಹಾರ ಸುಲಭ. ಬಸಿಯುವ ಬಾಟಲಿಯನ್ನು ನಲ್ಲಿ ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ. ಬಾಟಲಿಗೆ ಬೇಕಾದ ಬಿಸಿಯನ್ನು ಆ ನೀರು ಕೊಡುತ್ತಿರುತ್ತದೆ. ಬೆವರುವುದು ಕಡಿಮೆ, ಗ್ಯಾಸೂ ಬೇಗ ಹೋಗುತ್ತದೆ. ಬಟ್ಟಲಿನ ನೀರು ಬಾಟಲಿಯ ಕುತ್ತಿಗೆಗಿಂತ ಬಹಳ ಕೆಳಗಿರಲಿ, ಅಷ್ಟೇ. ಏರ್‌ಬ್ರಷ್‌ಗೆ ಗಾಳಿ ಕೊಡುವ ಕಂಪ್ರೆಸರಿನ ನೀರು ಹಿಡಿಯುವ ಬಟ್ಟಲನ್ನೂ ಮಳೆಗಾಲದಲ್ಲಿ ಆಗಾಗ ಖಾಲಿ ಮಾಡಿ. ನಿಧಾನವಾಗಿ ಒಣಗಿಸುವ ಥಿನ್ನರ್ ಸಿಗುತ್ತದೆ, ಲೆವೆಲಿಂಗ್ ಥಿನ್ನರ್ ಅನ್ನುತ್ತಾರೆ. ಹತ್ತು ಹನಿ ಬಣ್ಣಕ್ಕೆ ಎರಡೋ ಮೂರೋ ಹನಿ ಸಾಕು. ಡಬ್ಬಿಯ ಬಣ್ಣ ಮೊದಲೇ ತೆಳ್ಳಗಿರುತ್ತದೆ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಬ್ರಷ್ ತೊಳೆಯಲು ಇರಲಿ, ಪ್ಲಾಸ್ಟಿಕ್ ಮೇಲೆ ಬೇಡ. ಗಾಳಿಯ ಒತ್ತಡ ನಾನು 15 ಪಿಎಸ್‌ಐ ಆಸುಪಾಸು ಇಡುತ್ತೇನೆ. ಹಾಂ, ಏರ್‌ಬ್ರಷ್ ತುದಿಯ ನಳಿಗೆ ಕಟ್ಟಿಕೊಂಡರೆ ಮನೆಯವರ ಸೇಫ್ಟಿ ಪಿನ್ ಹಾಕಬೇಡಿ. 0.3 ಮಿಲಿಮೀಟರ್ ತೂತು ಅದು, ಒಮ್ಮೆ ಅಗಲವಾದರೆ ಮುಗಿಯಿತು.

ಬೆಂಕಿಯ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. ಈ ಗ್ಯಾಸ್ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಹೋಗುತ್ತದೆ. ನಮ್ಮದೆಲ್ಲ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಬಸಿದರೆ ಒಲೆ ಮೂರು ಹೆಜ್ಜೆ, ದೇವರ ದೀಪ ಎರಡು ಹೆಜ್ಜೆ. ಬಾಲ್ಕನಿಯಲ್ಲಿ ಮಾಡಿ, ಬಾಗಿಲು ಎಳೆದುಕೊಂಡು. ಒಲೆ, ದೀಪ, ಊದುಬತ್ತಿ ಆರಿರಲಿ. ಕೆಳಗಿನ ಮನೆಯ ಬಾಲ್ಕನಿಯಲ್ಲಿ ಯಾರಾದರೂ ಸಿಗರೇಟು ಹಚ್ಚಿದ್ದಾರಾ ಅಂತ ಬಗ್ಗಿ ನೋಡಿ. ಇಡೀ ರಾತ್ರಿ ಬಾಟಲಿಯೂ ಅಲ್ಲೇ ಇರಲಿ. ಮುಖಕ್ಕೆ ಕೊರೊನಾ ಕಾಲದ ಬಟ್ಟೆ ಮಾಸ್ಕ್ ಸಾಲದು, ಥಿನ್ನರ್ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಡಬ್ಬಿಗೆ ಮೊಳೆ ಹೊಡೆದು ಬಣ್ಣ ತೆಗೆಯುವ ವಿಡಿಯೋಗಳಿವೆ. ಅದನ್ನು ನೋಡಿದವರು ದಯವಿಟ್ಟು ಮರೆತುಬಿಡಿ.

ಈ ಸಭಾಂಗಣದಲ್ಲಿ ಬಸಿದು ತೋರಿಸಿ ಅಂತ ಸಂಘಟಕರು ಕೇಳಿದ್ದರು. ಎಸಿ ಇದೆ, ಕಿಟಕಿ ಮುಚ್ಚಿದೆ, ಹಿಂದೆ ಚಹಾ ಕುದಿಯುತ್ತಿದೆ. ಆಗುವುದಿಲ್ಲ ಅಂದೆ. ಅದಕ್ಕೆ ಬದಲು ಬಸಿದು ನಾಲ್ಕು ದಿನವಾದ ಬಾಟಲಿ ತಂದಿದ್ದೇನೆ. ಬಸ್ಸಿನ ಜೊತೆ ಇದನ್ನೂ ಕೈಯಿಂದ ಕೈಗೆ ದಾಟಿಸಿ. ಎಡಬದಿಯ ವಿಭೂತಿ ಉಜ್ಜಿ ತೆಗೆದು ಮತ್ತೆ ಹೊಡೆದಿದ್ದೇನೆ. ಎರಡನೇ ಕಿಟಕಿಯ ಕೆಳಗೆ ಚೂರು ಉಳಿದಿದೆ. ಯಾರಿಗೆ ಮೊದಲು ಕಾಣುತ್ತದೋ ನೋಡೋಣ.