48 ಲಕ್ಷ ಸೈಬರ್ ಸೆಕ್ಯುರಿಟಿ ಜಾಬ್ ಖಾಲಿ ಅಂತೆ, ಹಂಗಿದ್ರೆ ಫ್ರೆಶರ್‌ಗೆ ಯಾಕೆ ಕೆಲ್ಸ ಸಿಗ್ತಿಲ್ಲ?

ನಮಸ್ಕಾರ ಎಲ್ರಿಗೂ. ಇನ್‌ಸ್ಟಾ ತೆಗೆದ್ರೆ ಸಾಕು, ಒಂದು ರೀಲ್ ಬಂದೇ ಬರುತ್ತೆ, "ಪ್ರಪಂಚದಲ್ಲಿ 48 ಲಕ್ಷ ಸೈಬರ್ ಸೆಕ್ಯುರಿಟಿ ಜಾಬ್ ಖಾಲಿ ಇದೆ, ನಮ್ಮ ಕೋರ್ಸ್ ಸೇರಿ, ಪ್ಲೇಸ್‌ಮೆಂಟ್ ಗ್ಯಾರಂಟಿ" ಅಂತ. ಅದನ್ನ ನಂಬ್ಕೊಂಡು ಹಾಸನ, ದಾವಣಗೆರೆ ಕಡೆಯಿಂದ ಹುಡುಗ್ರು ಬೆಂಗಳೂರಿಗೆ ಬಂದು ಪಿಜಿ ಹಿಡಿದು ಫೀಸ್ ಕಟ್ಟಿ ಸರ್ಟಿಫಿಕೇಟ್ ತಗೊಂಡು, ಆಮೇಲೆ ನೌಕ್ರಿ ಸೈಟ್‌ನಲ್ಲಿ ಅಪ್ಲೈ ಮಾಡ್ತಾ ಕೂತಿರ್ತಾರೆ. ಇವತ್ತು ಆ 48 ಲಕ್ಷದ ಕಥೆ ಏನು ಅಂತ ನೋಡೋಣ.

(ಸ್ಕ್ರೀನ್ ಮೇಲೆ: 55 ಲಕ್ಷ / 48 ಲಕ್ಷ)

ಈ ನಂಬರ್ ಸುಳ್ಳಲ್ಲ. ಐಎಸ್‌ಸಿ2 ಅನ್ನೋ ಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜು. ಪ್ರಪಂಚದಲ್ಲಿ ಸುಮಾರು 55 ಲಕ್ಷ ಜನ ಈ ಕೆಲ್ಸ ಮಾಡ್ತಿದಾರೆ, ಇನ್ನೂ 48 ಲಕ್ಷ ಜನ ಬೇಕು ಅಂತ. ಆದ್ರೆ ಸರಿಯಾಗಿ ಕೇಳಿಸ್ಕೊಳಿ, "ಬೇಕು" ಅಂದಿದಾರೆ, "ಕೆಲ್ಸ ಖಾಲಿ ಇದೆ" ಅಂತ ಅಂದಿಲ್ಲ. ನಮ್ಮ ಕಂಪ್ಯೂಟರ್‌ಗಳನ್ನೆಲ್ಲಾ ಸರಿಯಾಗಿ ಕಾಯೋಕೆ ಎಷ್ಟು ಜನ ಬೇಕಾಗ್ಬಹುದು, ಈಗ ಎಷ್ಟಿದಾರೆ, ಅದರ ವ್ಯತ್ಯಾಸ ಇದು. ಅದೇ ರಿಪೋರ್ಟ್‌ನಲ್ಲಿ ಇನ್ನೊಂದು ವಿಷಯ ಇದೆ, ಅದನ್ನ ಯಾವ ರೀಲ್‌ನವ್ರೂ ಹೇಳಲ್ಲ. ಆ ವರ್ಷ ಈ ಗ್ಯಾಪ್ 19% ಜಾಸ್ತಿ ಆಯ್ತು, ಆದ್ರೆ ಕೆಲ್ಸದಲ್ಲಿರೋರ ಸಂಖ್ಯೆ ಬೆಳೆದಿದ್ದು ಬರೀ 0.1%. ಯಾಕಪ್ಪಾ ಅಂದ್ರೆ ಮೊದಲನೇ ಕಾರಣ ಬಜೆಟ್ ಇಲ್ಲ ಅನ್ನೋದು. ಅಂದ್ರೆ ಜನ ಬೇಕು, ಆದ್ರೆ ಸಂಬಳ ಕೊಡೋಕೆ ಕಾಸಿಲ್ಲ! (ಅಂದಹಾಗೆ ಐಎಸ್‌ಸಿ2 ನಡೆಯೋದೇ ಸರ್ಟಿಫಿಕೇಟ್ ಪರೀಕ್ಷೆಗಳಿಂದ, ಅದೂ ತಲೇಲಿರ್ಲಿ.)

ಇನ್ನು ಇರೋ ಕೆಲಸಗಳ ಜಾಬ್ ಡಿಸ್ಕ್ರಿಪ್ಷನ್ ಓದಿ. ಎಂಟ್ರಿ ಲೆವೆಲ್ ಅಂತ ಮೇಲೆ ಹಾಕಿರ್ತಾರೆ, ಕೆಳಗಡೆ 3 ವರ್ಷ ಅನುಭವ, ಸಿಐಎಸ್‌ಎಸ್‌ಪಿ ಅನ್ನೋ ದೊಡ್ಡ ಸರ್ಟಿಫಿಕೇಟ್ ಇದ್ರೆ ಒಳ್ಳೇದು ಅಂತಿರುತ್ತೆ. ಸಿಐಎಸ್‌ಎಸ್‌ಪಿ ಪೂರ್ತಿ ಸಿಗ್ಬೇಕು ಅಂದ್ರೇನೇ 5 ವರ್ಷ ಅನುಭವ ಬೇಕು ಗುರು! ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ.

ಸರ್ಕಾರದ ಕಡೆಯಿಂದ ಪ್ರಯತ್ನ ಆಗಿಲ್ಲ ಅಂತಲ್ಲ. 2013ರ ರಾಷ್ಟ್ರೀಯ ಸೈಬರ್ ಸೆಕ್ಯುರಿಟಿ ಪಾಲಿಸಿಯಲ್ಲೇ 5 ವರ್ಷದಲ್ಲಿ 5 ಲಕ್ಷ ಜನರನ್ನ ತಯಾರು ಮಾಡ್ತೀವಿ ಅಂತ ಬರ್ಕೊಂಡಿದ್ರು. ನಮ್ಮ ರಾಜ್ಯದಲ್ಲಿ ಐಐಎಸ್‌ಸಿ ಜೊತೆ ಸೇರಿ ಸೈಸೆಕ್ ಅನ್ನೋ ಕೇಂದ್ರ ಇದೆ, 2024ರಲ್ಲಿ ರಾಜ್ಯದ್ದೇ ಸೈಬರ್ ಸೆಕ್ಯುರಿಟಿ ಪಾಲಿಸಿ ಬಂತು, ಸಿಸ್ಕೋ ಜೊತೆ 40,000 ಜನಕ್ಕೆ ಟ್ರೈನಿಂಗ್ ಕೊಡೋ ಒಪ್ಪಂದನೂ ಆಯ್ತು. ಆದ್ರೆ ಟ್ರೈನಿಂಗ್ ಆದ್ಮೇಲೆ ಮೊದಲನೇ ಕೆಲ್ಸ ಯಾರು ಕೊಡ್ತಾರೆ? ಸಿಕ್ಕಾಕೊಂಡಿರೋದು ಅಲ್ಲಿ.

(ಸ್ಕ್ರೀನ್ ಮೇಲೆ: ಲಾಗ್ ಲೈನ್‌ಗಳು)

ಸರಿ, ಮೊದಲನೇ ಕೆಲ್ಸ ಅಂದ್ರೆ ಏನು? ಹ್ಯಾಕಿಂಗ್ ಅಲ್ಲ, ಕಪ್ಪು ಹೂಡಿ ಹಾಕ್ಕೊಂಡು ಕೂರೋದೂ ಅಲ್ಲ. ಹೆಚ್ಚಿನೋರು ಶುರು ಮಾಡೋದು ಸಾಕ್‌ನಲ್ಲಿ (SOC, ಅಂದ್ರೆ ಕಂಪನಿಯ ಕಂಪ್ಯೂಟರ್‌ಗಳನ್ನ ಹಗಲು ರಾತ್ರಿ ಕಾಯೋ ಸೆಂಟರ್) ಎಲ್1, ಅಂದ್ರೆ ಮೊದಲನೇ ಹಂತದ ಅನಲಿಸ್ಟ್ ಆಗಿ, ಶಿಫ್ಟ್ ಕೆಲ್ಸ, ನೈಟ್ ಶಿಫ್ಟ್‌ನೂ ಇರುತ್ತೆ. ಒಂದು ಉದಾಹರಣೆ ತಗೊಳಿ. ರಾತ್ರಿ ಎರಡೂವರೆಗೆ ಅಲರ್ಟ್ ಬಂತು, ಒಂದು ವಿಂಡೋಸ್ ಸರ್ವರ್‌ನ ಲಾಗ್‌ನಲ್ಲಿ (ಏನೇನಾಯ್ತು ಅಂತ ಕಂಪ್ಯೂಟರ್ ತಾನೇ ಬರ್ಕೊಳ್ಳೋ ದಾಖಲೆ) 4625 ಅನ್ನೋ ಈವೆಂಟ್ ಸಾಲಾಗಿ ಬೀಳ್ತಿದೆ. 4625 ಅಂದ್ರೆ ಲಾಗಿನ್ ಫೇಲ್. ಇದು ಅಟ್ಯಾಕಾ? ಗೊತ್ತಿಲ್ಲ. ಯಾರೋ ಪಾಸ್‌ವರ್ಡ್ ಬದಲಾಯಿಸಿ ಹಳೇ ಪಾಸ್‌ವರ್ಡ್ ತಾನಾಗೇ ಓಡೋ ಯಾವುದೋ ಬ್ಯಾಕಪ್ ಪ್ರೋಗ್ರಾಂನಲ್ಲಿ ಹಂಗೇ ಬಿಟ್ಟಿದ್ರೂ ಇದೇ ತರ ಬರುತ್ತೆ, ಮತ್ತೆ ಬಹಳ ಸಲ ಇರೋದೂ ಅಂಥದ್ದೇ. ಹಾಗಾಗಿ ಯಾವ ಐಪಿಯಿಂದ (ಅಂದ್ರೆ ಯಾವ ಕಂಪ್ಯೂಟರ್ ವಿಳಾಸದಿಂದ), ಯಾವ ಯೂಸರ್ ಹೆಸರಲ್ಲಿ ಅಂತ ನೋಡ್ಬೇಕು. ಒಂದೇ ಹೆಸರು, ಒಳಗಿನ ಐಪಿ, ಹತ್ತು ನಿಮಿಷಕ್ಕೊಂದು ಸಲ ಅಂದ್ರೆ ಬಹುಶಃ ಬ್ಯಾಕಪ್. ಹೊರಗಿನ ಐಪಿ, ಅಡ್ಮಿನ್, ಟೆಸ್ಟ್, ಸ್ಕ್ಯಾನರ್ ಅಂತ ಹತ್ತಾರು ಹೆಸರು, ಸೆಕೆಂಡಿಗೆ ಎರಡು ಮೂರು ಅಂದ್ರೆ ಎದ್ದು ಕೂತ್ಕೊಳಿ. ಆಮೇಲೆ ಅದೇ ಐಪಿಯಿಂದ ಒಂದು 4624 ಬಂದಿದ್ರೆ ಲಾಗಿನ್ ಸಕ್ಸೆಸ್, ಅದರ ಹಿಂದೆನೇ 4720 ಅಂದ್ರೆ ಹೊಸ ಯೂಸರ್ ಅಕೌಂಟ್ ಮಾಡಿದಾರೆ, ಕೊನೆಗೆ 1102 ಅಂದ್ರೆ ಲಾಗ್ ಅಳಿಸಿದಾರೆ. ಆಗ ಟಿಕೆಟ್ (ಘಟನೆಯ ದಾಖಲೆ) ಬರ್ದು ಎಲ್2ಗೆ, ಅಂದ್ರೆ ಮೇಲಿನ ಹಂತದ ಅನಲಿಸ್ಟ್‌ಗೆ ಫೋನ್ ಮಾಡಿ ಎಬ್ಬಿಸ್ಲೇಬೇಕು.

ಈ ಜಡ್ಜ್‌ಮೆಂಟ್ ಯಾವ ಸಿಲಬಸ್‌ನಲ್ಲಿದೆ ಹೇಳಿ? ಈಗ ವಿಟಿಯು ಕಾಲೇಜುಗಳಲ್ಲಿ ಸೈಬರ್ ಸೆಕ್ಯುರಿಟಿ ಅಂತಲೇ ಬ್ರಾಂಚ್ ಬಂದಿದೆ, ಖುಷಿ ವಿಷಯ, ಆದ್ರೆ ತುಂಬಾ ಕಡೆ ಆರ್‌ಎಸ್‌ಎ (ಮಾಹಿತಿಯನ್ನ ಗುಟ್ಟಾಗಿಡೋ ಗಣಿತ) ಲೆಕ್ಕ ಬೋರ್ಡ್ ಮೇಲೆ ಮಾಡಿ, ರೆಕಾರ್ಡ್ ಬುಕ್ ಬರ್ದು, ವೈವಾ ಮುಗ್ಸಿದ್ರೆ ಆಯ್ತು. ಆರ್‌ಎಸ್‌ಎ ಬೇಡ ಅಂತಿಲ್ಲ ನಾನು. ಮೇಷ್ಟ್ರುಗಳನ್ನೂ ಬೈಯಲ್ಲ, ಲಾಗ್ ಓದೋಕೆ ಚೆನ್ನಾಗಿ ಬರೋರು ಕಾಲೇಜು ಸಂಬಳಕ್ಕೆ ಯಾಕೆ ಬರ್ತಾರೆ?

ಇದು ಬರೀ ದೊಡ್ಡ ಐಟಿ ಕಂಪನಿಗಳ ಸಮಸ್ಯೆ ಅನ್ಕೋಬೇಡಿ. ಸರ್ಟ್-ಇನ್ ಅನ್ನೋ ಕೇಂದ್ರ ಸರ್ಕಾರದ ಸೈಬರ್ ಸೆಕ್ಯುರಿಟಿ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಒಂದು ಆದೇಶ ಹೊರಡಿಸ್ತು, ಸಣ್ಣ ದೊಡ್ಡ ಕಂಪನಿಗಳೆಲ್ಲಾ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆ ಒಳಗೆ ತಿಳಿಸ್ಬೇಕು, ಲಾಗ್‌ಗಳನ್ನ 180 ದಿನ ಇಟ್ಕೊಂಡಿರ್ಬೇಕು ಅಂತ. ಗಮನಕ್ಕೆ ಬಂದ್ರೆ ತಾನೇ ಸ್ವಾಮಿ! ಲಾಗ್ ಇದೆ, ನೋಡೋರಿಲ್ಲ ಅಂದ್ರೆ ಗಮನಕ್ಕೆ ಬರೋದು ಹೆಂಗೆ?

ಈಗ ನೀವು ಏನ್ ಮಾಡ್ಬಹುದು. ದುಡ್ಡು ಕಟ್ಟೋ ಮುಂಚೆ ಮನೇಲೇ ಒಂದು ಲ್ಯಾಬ್ ಮಾಡ್ಕೊಳಿ, 8 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್ ಸಾಕು. ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೇ ಬೇರೆ ಕಂಪ್ಯೂಟರ್‌ಗಳನ್ನ ಓಡಿಸೋ ಸಾಫ್ಟ್‌ವೇರ್) ಫ್ರೀ, ಅದರಲ್ಲಿ ಒಂದು ಉಬುಂಟು ಸರ್ವರ್, ಒಂದು ಕಾಲಿ ಲಿನಕ್ಸ್ ಹಾಕಿ. ಎರಡೂ ಲಿನಕ್ಸ್‌ನ ಬೇರೆ ಬೇರೆ ರೂಪ, ಕಾಲಿ ಇರೋದು ಸೆಕ್ಯುರಿಟಿ ಟೆಸ್ಟಿಂಗ್‌ಗೆ. ಕಾಲಿಯಿಂದ ಉಬುಂಟುಗೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗೋ ದಾರಿ) ಬೇಕಂತಲೇ ತಪ್ಪು ಪಾಸ್‌ವರ್ಡ್ ಕೊಡಿ, ಆಮೇಲೆ ಉಬುಂಟು ಒಳಗೆ ಹೋಗಿ ಅಥ್ ಲಾಗ್ (auth.log, ಲಾಗಿನ್‌ಗಳ ದಾಖಲೆ) ಫೈಲ್ ತೆಗೆದು ನೀವೇ ಮಾಡಿದ ಅಟ್ಯಾಕ್ ಅಲ್ಲಿ ಹೆಂಗೆ ಕಾಣುತ್ತೆ ನೋಡಿ, ಅದನ್ನ ತಡೆಯೋದು ಹೆಂಗೆ ಅಂತ ಹುಡುಕಿ, ಎರಡು ಪುಟ ರಿಪೋರ್ಟ್ ಬರ್ದು ಗಿಟ್‌ಹಬ್‌ನಲ್ಲಿ ಹಾಕಿ. ಲಿನಕ್ಸ್ ಏನೂ ಬರಲ್ಲ ಅಂದ್ರೆ ಓವರ್‌ದವೈರ್ ಸೈಟ್‌ನ ಬ್ಯಾಂಡಿಟ್ ಗೇಮ್‌ನಿಂದ ಶುರು ಮಾಡಿ, ವೆಬ್ ಕಡೆ ಆಸಕ್ತಿ ಇದ್ರೆ ಪೋರ್ಟ್‌ಸ್ವಿಗ್ಗರ್ ಅಕಾಡೆಮಿ, ಎರಡೂ ಫ್ರೀ. ಇಂಟರ್ವ್ಯೂನಲ್ಲಿ "ಏನ್ ಮಾಡಿದೀರಾ" ಅಂತ ಕೇಳಿದಾಗ ಸರ್ಟಿಫಿಕೇಟ್‌ಗಿಂತ ಆ ಎರಡು ಪುಟದ ಮೇಲೆ ಮಾತು ಜಾಸ್ತಿ ಹೊತ್ತು ನಡೆಯುತ್ತೆ, ಇದು ನನ್ನ ಅಭಿಪ್ರಾಯ.

ಒಂದೇ ಒಂದು ಕಂಡೀಷನ್, ಎಲ್ಲಾ ನಿಮ್ಮ ಲ್ಯಾಬ್ ಒಳಗೇ. ಪಕ್ಕದ ಮನೆ ವೈಫೈ, ಕಾಲೇಜ್ ರಿಸಲ್ಟ್ ಪೋರ್ಟಲ್ "ಸುಮ್ನೆ ಟೆಸ್ಟ್ ಮಾಡ್ದೆ" ಅಂತ ಮುಟ್ಟೋಕೆ ಹೋಗ್ಬೇಡಿ. ಐಟಿ ಆಕ್ಟ್ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು ಇಲ್ಲಾ 5 ಲಕ್ಷದವರೆಗೆ ದಂಡ, ಎರಡೂ ಬೀಳ್ಬಹುದು, ಮತ್ತೆ ಸೆನ್ (ಸೈಬರ್ ಕ್ರೈಮ್ ನೋಡೋ) ಪೊಲೀಸ್ ಸ್ಟೇಷನ್‌ನಲ್ಲಿ ಕೇಸ್ ಇದ್ರೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಯಾವ ಕಂಪನಿ ಒಳಗೆ ಬಿಟ್ಕೊಳುತ್ತೆ ಹೇಳಿ. ಲ್ಯಾಬ್ ಸೆಟಪ್ ಮಾಡೋದನ್ನ ಮುಂದಿನ ವಿಡಿಯೋದಲ್ಲಿ ಹಂತ ಹಂತವಾಗಿ ತೋರಿಸ್ತೀನಿ, ಅಷ್ಟರಲ್ಲಿ ವರ್ಚುವಲ್‌ಬಾಕ್ಸ್ ಡೌನ್‌ಲೋಡ್ ಮಾಡಿಟ್ಕೊಳಿ.