ನರ್ಸಿಂಗ್ ಪದವಿ: ಕಾಲೇಜಿಗಿಂತ ಮೊದಲು ಆಸ್ಪತ್ರೆಯನ್ನು ನೋಡಿ

ಕೇಳುಗರಿಗೆ ನಮಸ್ಕಾರ.

ರೋಣ, ಶಿರಹಟ್ಟಿ, ಹಾನಗಲ್ಲ, ಬ್ಯಾಡಗಿಯ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ನರ್ಸಿಂಗ್ ಕಾಲೇಜು ಹುಡುಕಲು ಹುಬ್ಬಳ್ಳಿ-ಧಾರವಾಡಕ್ಕೆ ಬರುವ ತಂದೆತಾಯಂದಿರು ಮೊದಲು ಕೇಳುವುದು ಶುಲ್ಕವನ್ನು, ಅನಂತರ ಹಾಸ್ಟೆಲ್ಲನ್ನು. ಎರಡೂ ಕೇಳಲೇಬೇಕಾದ ಮಾತುಗಳೇ. ಆದರೆ ನರ್ಸಿಂಗ್ ಕಲಿಸಿದವಳಾಗಿ ನಾನು ಹೇಳುವುದಿಷ್ಟು: ನಿಮ್ಮ ಮಗಳಾಗಲಿ ಮಗನಾಗಲಿ ಯಾವ ಆಸ್ಪತ್ರೆಯ ವಾರ್ಡುಗಳಲ್ಲಿ ನಿಂತು ಕಲಿಯಲಿದ್ದಾರೆ ಎಂಬುದನ್ನು ಇವೆರಡಕ್ಕಿಂತ ಮೊದಲು ತಿಳಿದುಕೊಳ್ಳಿ.

ಪಠ್ಯಕ್ರಮದಲ್ಲಿ ಕಾಲೇಜು ಕಾಲೇಜಿಗೆ ದೊಡ್ಡ ವ್ಯತ್ಯಾಸವಿಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಪದವಿಯ ಚೌಕಟ್ಟನ್ನು ಭಾರತೀಯ ನರ್ಸಿಂಗ್ ಪರಿಷತ್ತು ಗೊತ್ತುಪಡಿಸುತ್ತದೆ. 2021ರ ಪರಿಷ್ಕರಣೆಯ ನಂತರ ಅದು ಎಂಟು ಸೆಮಿಸ್ಟರುಗಳಾಗಿದೆ. ರಾಜ್ಯದ ಬಹುತೇಕ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿರುವುದರಿಂದ ಅವುಗಳ ಪ್ರಶ್ನೆಪತ್ರಿಕೆ ಒಂದೇ ಆಗಿರುತ್ತದೆ. ಸತ್ತೂರಿನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯದಲ್ಲಿ, ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದಲ್ಲಿ ಪಾಠವೂ ಪರೀಕ್ಷೆಯೂ ಪದವಿಯೂ ಅದೇ ಸಂಸ್ಥೆಯವು. ಯಾವ ಪದವಿಯನ್ನೇ ಪಡೆಯಲಿ, ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗದೆ ಕೆಲಸ ಮಾಡುವಂತಿಲ್ಲವಾದ್ದರಿಂದ, ಕಾಲೇಜಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂಬುದನ್ನು ಕಾಗದದಲ್ಲೇ ನೋಡಬೇಕು.

ನಿಜವಾದ ಅಂತರ ಇರುವುದು ವಾರ್ಡಿನಲ್ಲಿ. ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಹಾಸಿಗೆ ಇದ್ದ ಮಾತ್ರಕ್ಕೆ ರೋಗಿ ಇರುವುದಿಲ್ಲ. ಆದ್ದರಿಂದ ಮಧ್ಯಾಹ್ನ ಕಚೇರಿಗೆ ಹೋಗಿ ಮಾಹಿತಿ ಪುಸ್ತಿಕೆ ತರುವ ಬದಲು, ಬೆಳಗಿನ ಪಾಳಿಯ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿ: ಹೊರರೋಗಿಗಳ ಸಾಲು ಎಷ್ಟಿದೆ, ತಿಂಗಳಿಗೆ ಎಷ್ಟು ಹೆರಿಗೆಗಳಾಗುತ್ತವೆ, ವಿದ್ಯಾರ್ಥಿಗಳ ಜೊತೆ ಅವರ ಶಿಕ್ಷಕರೂ ವಾರ್ಡಿಗೆ ಬರುತ್ತಾರೆಯೇ ಎಂದು ವಿಚಾರಿಸಿ. ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಶಿಕ್ಷಕಿ ಪಕ್ಕದಲ್ಲಿಲ್ಲದ ವಾರ್ಡಿನಲ್ಲಿ ವಿದ್ಯಾರ್ಥಿ ಹಾಸಿಗೆ ಬದಲಿಸುವ, ಸಾಮಾನು ತಂದುಕೊಡುವ ಕೈಯಾಗುತ್ತಾಳೆಯೇ ಹೊರತು, ಬಾಣಂತಿಯ ರಕ್ತಸ್ರಾವ ಯಾವಾಗ ಅಪಾಯದ ಮಟ್ಟ ಮುಟ್ಟುತ್ತದೆ ಎಂಬುದನ್ನು ಗುರುತಿಸಲು ಕಲಿಯುವುದಿಲ್ಲ.

ಈ ವಿಷಯದಲ್ಲಿ ನಮ್ಮ ಭಾಗಕ್ಕೆ ಕೊರತೆಯಿಲ್ಲ. 1957ರಲ್ಲಿ ಆರಂಭವಾದ, ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಆಗಿಯೇ ಉಳಿದಿರುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದ ಅಪಘಾತದ ಗಾಯಾಳುಗಳೂ ತೊಡಕಿನ ಹೆರಿಗೆಗಳೂ ಬರುತ್ತವೆ. ಮಾನಸಿಕ ಆರೋಗ್ಯದ ಶುಶ್ರೂಷೆ ಕಲಿಯಲು ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಗದಗ, ಹಾವೇರಿಗಳಲ್ಲೂ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಾಗಿವೆ. ನೀವು ನೋಡುತ್ತಿರುವ ಕಾಲೇಜು ಇಂಥ ಆಸ್ಪತ್ರೆಗಳಿಗೆ ವಿದ್ಯಾರ್ಥಿಗಳನ್ನು ಎಷ್ಟು ವಾರ ಕಳುಹಿಸುತ್ತದೆ, ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ ಎಲ್ಲಿ ನಡೆಯುತ್ತದೆ ಎಂಬುದನ್ನು ಈಗಾಗಲೇ ಅಲ್ಲಿ ಓದುತ್ತಿರುವ ಮೂರನೆಯ ವರ್ಷದವರನ್ನೇ ಕೇಳಿ.

ಮೂರು ವರ್ಷದ ಜಿಎನ್‌ಎಂ, ಅಂದರೆ ಸಾಮಾನ್ಯ ಶುಶ್ರೂಷೆ ಮತ್ತು ಹೆರಿಗೆ ಶುಶ್ರೂಷೆಯ ಡಿಪ್ಲೊಮಾ ಸಾಲದೇ ಎಂದು ಕೇಳುವವರಿದ್ದಾರೆ. ಅದಕ್ಕೆ ಕಲಾ ವಿಭಾಗದವರೂ ಸೇರಬಹುದು, ಖರ್ಚೂ ಸಾಮಾನ್ಯವಾಗಿ ಕಡಿಮೆ, ನೋಂದಣಿಯೂ ಆಗುತ್ತದೆ. ಆದರೆ ಏಮ್ಸ್‌ನ ಶುಶ್ರೂಷಾಧಿಕಾರಿ ಹುದ್ದೆಗೆ ಪದವೀಧರರು ನೇರವಾಗಿ ಅರ್ಜಿ ಹಾಕಿದರೆ, ಡಿಪ್ಲೊಮಾದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕಾಗುತ್ತದೆ, ಎಂ.ಎಸ್ಸಿ. ಮಾಡಬೇಕೆಂದರೆ ನಡುವೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬೇಕಾಗುತ್ತದೆ. ಮನೆಯ ಪರಿಸ್ಥಿತಿ ಬೇಗ ಸಂಬಳ ಬೇಡುತ್ತಿದ್ದರೆ ಡಿಪ್ಲೊಮಾ ಸೇರುವುದರಲ್ಲಿ ತಪ್ಪೇನಿಲ್ಲ. ವಿಜ್ಞಾನ ಓದಿ ಅರ್ಹತೆಯ ಅಂಕ ಪಡೆದ ಮಗುವಿಗೆ ಮಾತ್ರ ಪದವಿಯನ್ನೇ ಕೊಡಿಸಿ ಎನ್ನುತ್ತೇನೆ.

ಶುಲ್ಕದ ಮಾತಿಗೆ ಬಂದರೆ, ಬೋಧನಾ ಶುಲ್ಕದ ಜೊತೆ ಆಸ್ಪತ್ರೆ ತರಬೇತಿ, ವಾಹನ, ಸಮವಸ್ತ್ರ, ಪರೀಕ್ಷೆಗಳ ಮೊತ್ತವನ್ನೂ ನಾಲ್ಕು ವರ್ಷಕ್ಕೂ ಬರೆಸಿಕೊಳ್ಳಿ, ಕಟ್ಟಿದ ಹಣಕ್ಕೆಲ್ಲ ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಕೊಡುವ ಮೊದಲು ಅವು ಯಾವಾಗ ಮರಳಿ ಸಿಗುತ್ತವೆ ಎಂಬುದನ್ನೂ ಲಿಖಿತವಾಗಿಯೇ ಕೇಳಿ.